ಮಜ್ಜಿಗೆ ಎರೆಯಲು ಬಾರದ ಸಿಂಗಣ್ಣ

ಬನ್ನಿ, ಕೂತುಕೊಳ್ಳಿ. ಗೋಡೆಗೆ ಒರಗಿದವರು ಒಂಚೂರು ಸರಿಯಿರಿ, ನನ್ನ ಮೊಣಕಾಲಿಗೂ ಜಾಗ ಬೇಕು. ಓದು ಬಾರದವಳು ಹೇಳುವ ಕತೆ ಇದು. ಹಲ್ಲೂ ಇಲ್ಲ, ಮಾತು ಜಾರಿದರೆ ನೀವೇ ಹಿಡಿದುಕೊಳ್ಳಿ.

ಹಿರೇಗುಡ್ಡದ ರಾಜ ಮಲ್ಲರಸ. ಅವನ ಆಸ್ಥಾನದಲ್ಲಿ ಸಿಂಗಣ್ಣ ಅಂತ ಒಬ್ಬ. ನಾಲಿಗೆ ಬಲು ಚುರುಕು, ಕೈ ಮಾತ್ರ ದಂಡ. ದೀಪಕ್ಕೆ ಎಣ್ಣೆ ಹೊಯ್ಯಲು ಹೋದರೆ ದೀಪವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹೊಯ್ಯುತ್ತಿದ್ದ. "ನನ್ನ ಕೈ ಮಾಡುವ ಹೊತ್ತಿಗೆ ಬ್ರಹ್ಮನಿಗೆ ತೂಕಡಿಕೆ ಬಂದಿತ್ತು," ಅಂತ ತಾನೇ ಹೇಳಿಕೊಂಡು ನಗುತ್ತಿದ್ದ.

ಊರಾಚೆ ಘಟ್ಟದ ದಾರಿಯಲ್ಲಿ ಒಂದು ಅರವಟ್ಟಿಗೆ. ಬೇಸಗೆಯಲ್ಲಿ ಉಪ್ಪಿನ ಮೂಟೆ ಹೊತ್ತು ಘಟ್ಟ ಹತ್ತುವವರು ಅಲ್ಲಿ ಬೊಗಸೆ ಒಡ್ಡಿ ಮಜ್ಜಿಗೆ ಕುಡಿದು ಜೀವ ಉಳಿಸಿಕೊಳ್ಳುತ್ತಿದ್ದರು. ಖರ್ಚೆಲ್ಲ ಅರಮನೆಯದು.

ಒಂದು ದಿನ ರಾಜ ಮೀಸೆ ತಿರುವಿದ. "ನಾನು ಕೊಡುತ್ತೇನೆ, ಅದು ನಡೆಯುತ್ತದೆ. ನಾನು ಕೈಬಿಟ್ಟರೆ ಈ ಊರಲ್ಲಿ ಒಂದು ಮೆಣಸಿನಕಾಯಿ ಕೊಡುವವರೂ ಇಲ್ಲ!"

"ಕೈಬಿಟ್ಟೇ ನೋಡಿ ಪ್ರಭು, ಬೊಕ್ಕಸಕ್ಕೂ ಉಸಿರು ಬಂದೀತು," ಅಂದ ಭಂಡಾರಿ ದೇವಣಯ್ಯ.

ಸಿಂಗಣ್ಣನ ಬಾಯಿ ಸುಮ್ಮನಿರಬೇಕಲ್ಲ! "ಹಾಗೇನಿಲ್ಲ ಪ್ರಭು, ಜನ ಕೊಡುತ್ತಾರೆ."

"ಹೌದೇನೋ? ಹಾಗಾದರೆ ಮೊದಲ ಮಳೆ ಬೀಳುವ ತನಕ ನೀನೇ ನಡೆಸು. ಅರಮನೆಯ ಕಾಸಿಲ್ಲ, ನನ್ನ ಅಪ್ಪಣೆಯಿಲ್ಲ, ಕೂಲಿಗೆ ಆಳು ಕರೆಯುವಂತಿಲ್ಲ. ಒಬ್ಬನೇ ಒಬ್ಬ ಬಾಯಾರಿ ಹೋದರೂ ಅರವಟ್ಟಿಗೆ ಕೀಳಿಸುತ್ತೇನೆ. ನೀನು ಲಾಯದಲ್ಲಿ ಲದ್ದಿ ಬಾಚಬೇಕು!"

ಸಿಂಗಣ್ಣ ಸಂತೆಯಲ್ಲಿ ಕಟ್ಟೆ ಹತ್ತಿ ದಾನದ ಮಹಿಮೆ ಹೇಳಿದ. ತನ್ನ ಮಾತಿಗೆ ತನಗೇ ಕಣ್ಣೀರು ಬಂತು. ಜನ ತಲೆದೂಗಿದರು, ಸೊಪ್ಪು ಕೊಂಡರು, ಮನೆಗೆ ಹೋದರು. ಮನೆಮನೆಗೆ ಹೋಗಿ ಕೇಳಿದ. ಒಬ್ಬರು, "ಮಜ್ಜಿಗೆಗೆ ಶುಂಠಿ ಹಾಕಿ," ಅಂದರು. ಇನ್ನೊಬ್ಬರು, "ಗಡಿಗೆಯನ್ನು ಮರಳಲ್ಲಿ ಹೂತಿಡಿ," ಅಂದರು. ಸಲಹೆ ಬಂತು, ಮಜ್ಜಿಗೆ ಬರಲಿಲ್ಲ.

"ಲದ್ದಿ ಬಾಚಲಿಕ್ಕಾದರೂ ನನಗೆ ಬರುತ್ತದೋ ಇಲ್ಲವೋ," ಅಂತ ಗೊಣಗುತ್ತ, ಮನೆಯಲ್ಲಿದ್ದ ಮೊಸರು ಹೊತ್ತು ತಾನೇ ಅರವಟ್ಟಿಗೆಗೆ ಹೋಗಿ ಕೂತ.

ಕಡೆದ, ಅರ್ಧ ನೆಲದ ಪಾಲು. ಉಪ್ಪು ಹಾಕಿದ; ಹಾಕಿದ್ದು ಮರೆತು ಮತ್ತೆ ಹಾಕಿದ. ಮೂಟೆಯವನೊಬ್ಬ ಬೊಗಸೆ ಒಡ್ಡಿದರೆ ಗಿಂಡಿಯಿಂದ ಅವನ ಮೊಣಕೈಗೆ ಅಭಿಷೇಕ ಮಾಡಿದ.

ದಾರಿಯಲ್ಲಿ ಬೆಣ್ಣೆ ಮಾರಲು ಹೊರಟಿದ್ದ ಸಾತವ್ವ ನಿಂತು ನೋಡಿದಳು. ತಡೆಯಲಾಗಲಿಲ್ಲ.

"ಏನ್ರಯ್ಯಾ ಇದು? ಮಜ್ಜಿಗೆಯೋ, ಪಾತ್ರೆ ತೊಳೆದ ನೀರೋ?"

"ಮಜ್ಜಿಗೆ ಅಂತಲೇ ಮಾಡಿದ್ದು ತಾಯಿ."

"ನಿಮ್ಮನ್ನು ಹೆತ್ತವಳು ಪುಣ್ಯವಂತೆ! ಏಳಿ, ಆಚೆ ಸರೀರಿ." ಗಿಂಡಿ ಕಿತ್ತುಕೊಂಡಳು, ಸೆರಗು ಸಿಕ್ಕಿಸಿದಳು, ಸಂಜೆ ತನಕ ಎರೆದಳು. ಹೋಗುವಾಗ, "ನಾಳೆ ನಾನೇ ಮೊಸರು ತರುತ್ತೇನೆ. ನೀವು ಮುಟ್ಟಿದರೆ ನೋಡಿ!" ಅಂದಳು.

ಸಿಂಗಣ್ಣನ ತಲೆಯಲ್ಲಿ ದೀಪ ಹತ್ತಿತು. ಬಿರುಕು ಬಿಟ್ಟ ಗಡಿಗೆಗೆ ಕುಂಬಾರ ಮುದ್ದಯ್ಯನ ಕಣ್ಣೆದುರೇ ಸಗಣಿ ಮೆತ್ತಲು ಕೂತ. "ಅಯ್ಯೋ ಬಿಡಿ ಸ್ವಾಮಿ, ನೋಡಲಾರೆ!" ಅಂತ ಮುದ್ದಯ್ಯ ಹೊಸ ಗಡಿಗೆ ತಂದಿಟ್ಟ. ಸಿಂಗಣ್ಣ ಸೂರಿನ ಹುಲ್ಲು ಕಟ್ಟಲು ಹತ್ತಿ, ತನ್ನ ಕಚ್ಚೆಯನ್ನೇ ಬಿದಿರಿನ ಗಳುವಿಗೆ ಸೇರಿಸಿ ಗಂಟು ಹಾಕಿಕೊಂಡು ಜೋತಾಡಿದ. ಹುಲ್ಲು ಹೊದಿಸುವ ಈರಣ್ಣ ಅವನನ್ನು ಮೊದಲು ಬಿಚ್ಚಿದ, ಆಮೇಲೆ ಇಡೀ ಸೂರನ್ನೇ ಹೊಸದಾಗಿ ಹೊದಿಸಿದ. "ಸಾತವ್ವನಿಗೊಬ್ಬಳಿಗೇ ಮಜ್ಜಿಗೆ ಬರುತ್ತದೋ?" ಅಂತ ಕೆಳಗಿನ ಕೇರಿಯ ಹೆಂಗಸರೂ ಗಡಿಗೆ ಹೊತ್ತು ಬಂದರು.

ಕೊನೆಗೆ ಮುಗಿಲು ಕಪ್ಪಾಗುವ ಹೊತ್ತಿಗೆ ರಾಜ ದೇವಣಯ್ಯನ ಜೊತೆ ಬಂದ. ಅರವಟ್ಟಿಗೆ ಮುಚ್ಚಿರುತ್ತದೆ ಅಂದುಕೊಂಡಿದ್ದವನಿಗೆ ಕಂಡದ್ದು ಜನವೋ ಜನ. ಸೆಕೆಗೆ ಗಂಟಲು ಒಣಗಿತ್ತು. ಬೊಗಸೆ ಒಡ್ಡಿದ.

"ಪ್ರಭುಗಳಿಗೆ ನಾನೇ ಎರೆಯುತ್ತೇನೆ," ಅಂತ ಸಿಂಗಣ್ಣ ಗಿಂಡಿಗೆ ಕೈ ಹಾಕಿದ.

"ಅಯ್ಯಯ್ಯೋ, ಬೇಡ!" ಅಂತ ಸಾತವ್ವ ಕೂಗುವುದರೊಳಗೆ ರಾಜನ ಮೀಸೆ, ಗಡ್ಡ, ರೇಷ್ಮೆ ಅಂಗಿ ಎಲ್ಲಾ ಮಜ್ಜಿಗೆ.

"ಥೂ ದಡ್ಡ! ಕೊಡಿಲ್ಲಿ! ಧಾರೆ ಸಣ್ಣಗೆ ಬೀಳಬೇಕು, ಹೀಗೆ!" ರಾಜ ತೋರಿಸಲು ಗಿಂಡಿ ಬಾಗಿಸಿದ. ಕೆಳಗೊಂದು ಬೊಗಸೆ ಬಂತು. ಅದು ತುಂಬಿ ಸರಿಯುವಷ್ಟರಲ್ಲಿ ಇನ್ನೊಂದು. ಬಿಡುವಂತಿಲ್ಲ, ಬಾಯಾರಿದವರಲ್ಲವೇ! ಹೊತ್ತು ಇಳಿಯುವ ತನಕ ಎರೆದ ರಾಜ, ತಾನೂ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ. "ಶುಂಠಿ ಎಲ್ಲಿ? ಅರಮನೆಯಿಂದ ಒಂದು ಬುಟ್ಟಿ ಶುಂಠಿ ತರಿಸಿ!"

ದೇವಣಯ್ಯ ಕುಣಿದೇಬಿಟ್ಟ. "ಅರಮನೆಯಿಂದ ಬಂತು! ಸಿಂಗಣ್ಣ ಸೋತ!"

"ಸುಮ್ಮನಿರಯ್ಯ," ಅಂದ ರಾಜ. "ನನ್ನನ್ನು ಯಾರೂ ಕೇಳಲಿಲ್ಲ. ನೋಡಲಾರದೆ ನಾನೇ ಕೊಟ್ಟೆ." ಅಂದವನು ತನ್ನ ಮಾತಿಗೆ ತಾನೇ ಬೆಚ್ಚಿದ. "ಸಿಂಗಣ್ಣ, ಕಾಸಿಲ್ಲ, ಅಪ್ಪಣೆಯಿಲ್ಲ. ಇಷ್ಟು ಜನರನ್ನು ಹೇಗೆ ತಂದೆಯೋ?"

"ಈಗ ತಮ್ಮನ್ನು ತಂದ ಹಾಗೆಯೇ ಪ್ರಭು. ಮೊದಲ ದಿನ ಮನಸ್ಸಿಟ್ಟು ಮಾಡಿದೆ, ಕೆಟ್ಟಿತು. ಆಮೇಲೆ ಇನ್ನಷ್ಟು ಮನಸ್ಸಿಟ್ಟು ಕೆಡಿಸಿದೆ. ಎಲ್ಲರಿಗೂ ಕೊಡುವ ಮನಸ್ಸಿತ್ತು. ತಾನಿಲ್ಲದಿದ್ದರೆ ಆಗದು ಅಂತ ಅನ್ನಿಸಬೇಕಿತ್ತು, ಅಷ್ಟೇ. ಅದಕ್ಕೆ ನನ್ನಂಥ ದಡ್ಡನೇ ಬೇಕಾಯಿತು!"

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನು ಬೇಕೋ ಕೇಳು!"

"ಈ ಅರವಟ್ಟಿಗೆಯ ಮೇಲ್ವಿಚಾರಣೆ..."

"ಬೇಡವೇ ಬೇಡ!" ಅಂತ ಊರಿಗೆ ಊರೇ ಕೂಗಿತು. ಆಗ ಬಿತ್ತು ನೋಡಿ, ಮೊದಲ ಮಳೆ.

ಆಮೇಲೆ? ಸಾತವ್ವ ಅರವಟ್ಟಿಗೆಯ ಯಜಮಾನಿಯಾದಳು. ಮುದ್ದಯ್ಯ, ಈರಣ್ಣ ವರ್ಷವರ್ಷ ತಪ್ಪದೆ ಬಂದರು. ರಾಜ ಯುಗಾದಿ ಕಳೆದ ಮೇಲೆ ಒಂದು ದಿನ ಬಂದು ಎರೆಯುತ್ತಿದ್ದ, ಶುಂಠಿ ತಾನೇ ಜಜ್ಜುತ್ತಿದ್ದ. ದೇವಣಯ್ಯ ಒಂದು ಹರಳು ಉಪ್ಪೂ ಕೊಡಲಿಲ್ಲ. ಆದರೆ ಉಪ್ಪು ಸರಿಯಿದೆಯೋ ನೋಡುತ್ತೇನೆ ಅಂತ ದಿನಾ ಬಂದು ಹೊಟ್ಟೆತುಂಬ ಕುಡಿಯುತ್ತಿದ್ದ. ಅದನ್ನೂ ಸೇವೆ ಅಂತಲೇ ಜನ ಒಪ್ಪಿಕೊಂಡರು.

ಸಿಂಗಣ್ಣನೋ? ಯಾವ ಊರಲ್ಲಿ ಕೆರೆ ಹೂಳೆತ್ತಲು ಜನ ಬರಲಿಲ್ಲವೋ ಅಲ್ಲಿಗೆ ರಾಜ ಅವನನ್ನು ಕಳಿಸುತ್ತಿದ್ದ. ಗುದ್ದಲಿಯನ್ನು ತಲೆಕೆಳಗಾಗಿ ಹಿಡಿದು ಅವನು ಕೆರೆಗೆ ಇಳಿದರೆ ಸಾಕು, ಸಂಜೆಯೊಳಗೆ ಊರೆಲ್ಲಾ ಕೆರೆಯಲ್ಲಿ. ಮುಪ್ಪಿನಲ್ಲಿ ಅರವಟ್ಟಿಗೆಯ ಜಗಲಿಯಲ್ಲೇ ಅವನಿಗೊಂದು ಮಣೆ ಹಾಕಿಕೊಟ್ಟರು, ಗಿಂಡಿ ಕೈಗೆ ಎಟುಕದಷ್ಟು ದೂರದಲ್ಲಿ.