ಬಾಗಿಲು ಹಿಡಿದವರು ಯಾರು?

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ನೀಲಾಜಿಯವರು ಮೂರು ಒಗಟು ಹಾಕ್ತಾರೆ. ಬಿಡಿಸಿದೋನು ಬೇಡಿದ್ದು ಪಡೀತಾನೆ, ತಪ್ಪಿದೋನು ತಲೆ ಕೊಡ್ತಾನೆ!"

ಬಿಳಿಗೋಟೆ ಪಟ್ಟಣದಲ್ಲಿ ಹೀಗೆ ಡಂಗುರ ಬಿದ್ದಾಗ ತಿಪ್ಪಣ್ಣ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿಯುತ್ತಿದ್ದ. 'ಬೇಡಿದ್ದು' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವನ ಕೈ ನಿಂತಿತು. ಆ ಬಾಂಡ್ಲಿಯ ಮಂಡಕ್ಕಿಯೆಲ್ಲ ಕರಕಲಾಯಿತು.

ಅವನಿಗೆ ಬೇಕಾದದ್ದು ರಾಜ್ಯವಲ್ಲ, ಅಪ್ಪ. ಅಪ್ಪ ದುರುಗಪ್ಪ ಅರಮನೆಯ ನಾಟ್ಯಶಾಲೆಯ ಬಾಗಿಲು ಕಾಯುತ್ತಿದ್ದವನು. ಹಿಂದೊಮ್ಮೆ ಅಲ್ಲಿ ಬೆಂಕಿ ಬಿದ್ದು, ರಾಣಿಯೂ ಜೊತೆಗಿದ್ದ ಹೆಂಗಸರೂ ಹೊರಬರಲಾರದೆ ತೀರಿಕೊಂಡರು. ಹೊರಗಿನಿಂದ ಚಿಲಕ ಹಾಕಿದವನು ಇವನೇ ಎಂದು ಅರಸ ದುರುಗಪ್ಪನನ್ನು ಸೆರೆಗೆ ತಳ್ಳಿದ. "ಹಾಕಿಲ್ಲ ಬುದ್ಧೀ" ಎಂದು ಮೊದಮೊದಲು ಗೋಳಾಡುತ್ತಿದ್ದವನು ಈಗೀಗ, ಮಗ ಬುತ್ತಿ ಕೊಂಡುಹೋದಾಗ, "ನಾನೇ ಮರ್ತು ಹಾಕಿಬಿಟ್ನೇನೋ ಮಗಾ" ಎನ್ನುತ್ತಿದ್ದ.

ಅದಕ್ಕೇ ಅವನಿಗೆ ಹಗಲೆಲ್ಲ ಭಟ್ಟಿ, ಸಂಜೆಯಾದರೆ ಬಸಲಿಂಗಯ್ಯ ಮೇಷ್ಟರ ಸಾಲೆ. ಬೆಂಕಿ ಹುಟ್ಟದ ಹಾಗೆ ಮನೆ ಕಟ್ಟುವುದು ಹೇಗೆ, ಹುಟ್ಟಿದರೆ ಜನ ಪಾರಾಗುವುದು ಹೇಗೆ ಎಂದು ಮೇಷ್ಟರು ಕಲಿಸುತ್ತಿದ್ದರು. ದುಡಿದು ದಣಿದ ಮೈ, ಪಾಠದ ನಡುವೆ ತೂಕಡಿಕೆ ಬಾರದಿರುತ್ತದೆಯೇ! ಉಳಿದವರು ನಕ್ಕರೆ ಮೇಷ್ಟರು ಗದರುತ್ತಿದ್ದರು. "ನಗಬ್ಯಾಡ್ರೋ. ಅವನು ಬೆಂಕಿ ಮುಂದೆ ನಿಂತು ಬಂದೋನು. ತಿಪ್ಪಣ್ಣ, ಅಲ್ಲಿ ಕಂಡದ್ದು ಇಲ್ಲಿ ಕೇಳು, ಇಲ್ಲಿ ಕೇಳಿದ್ದು ಅಲ್ಲಿ ನೋಡು."

ಮರುದಿನ ಆಸ್ಥಾನ ಕಿಕ್ಕಿರಿದಿತ್ತು. ನೀಲಾಜಿ ಕೇಳಿದಳು: "ನೀರು ಕೊಟ್ಟರೆ ಕೆರಳುತ್ತಾನೆ, ಮುಸುಕು ಹಾಕಿದರೆ ಮಲಗುತ್ತಾನೆ. ಯಾರವನು?"

ಪಾಳೆಗಾರನ ಮಗ ಮೀಸೆ ತಿರುವಿ, "ಹುಚ್ಚು ಕುದುರೆ!" ಎಂದ. ಭಟರು ಅವನನ್ನು ಎಳೆದೊಯ್ದರು. ಹೊತ್ತು ಮುಳುಗಿದ ಮೇಲೆ ತಲೆದಂಡ.

ತಿಪ್ಪಣ್ಣ ಮುಂದೆ ಬಂದ. "ಕಾದ ಎಣ್ಣೆಗೆ ಹತ್ತಿದ ಬೆಂಕಿ, ತಾಯಿ. ನೀರು ಹುಯ್ದರೆ ಸೂರಿಗೆ ಹಾರ್ತದೆ. ಮುಚ್ಚಳ ಮುಚ್ಚಿದರೆ ಉಸಿರುಕಟ್ಟಿ ಆರ್ತದೆ."

ನೀಲಾಜಿ ತಲೆಯಾಡಿಸಿದಳು. "ಎರಡನೆಯದು. ಅಣ್ಣನಿಗಿಂತ ಮೊದಲೇ ತಮ್ಮ ಬಂದು ಮನೆ ತುಂಬುತ್ತಾನೆ. ನಿಂತವರನ್ನು ಕೊಲ್ಲುತ್ತಾನೆ, ತೆವಳುವವರನ್ನು ಬಿಡುತ್ತಾನೆ."

ಈ ಸಲ ವಜ್ರದ ವರ್ತಕನೊಬ್ಬ ನುಗ್ಗಿ ಬಂದ. "ಸೇನಾಪತಿ! ಅರಸರಿಗಿಂತ ಮೊದಲು ಬರ್ತಾನೆ, ಕಾಲಿಗೆ ಬಿದ್ದವರನ್ನ ಬಿಡ್ತಾನೆ." ಉತ್ತರವೇನೋ ಚೆನ್ನಾಗಿಯೇ ಇತ್ತು, ಪಾಪ. ಆದರೆ ಸರಿ ಇರಲಿಲ್ಲ. ಅವನೂ ಪಾಳೆಗಾರನ ಮಗನ ಹಿಂದೆ ಹೋದ.

"ಹೊಗೆ, ತಾಯಿ" ಎಂದ ತಿಪ್ಪಣ್ಣ. "ಬೆಂಕಿಗಿಂತ ಮೊದಲು ಬರೋದೂ ಅದೇ, ಕೊಲ್ಲೋದೂ ಅದೇ. ಸೂರಿನ ಕೆಳಗೆ ತುಂಬ್ಕೊಂಡು ನಿಲ್ತದೆ. ನೆಲಕ್ಕೆ ಹತ್ತಿ ತೆವಳಿದೋರಿಗೆ ಒಂದಿಷ್ಟು ಉಸಿರು ಸಿಗ್ತದೆ."

ರಾಜಕುಮಾರಿ ಅದೂ ಸರಿಯೆಂದು ಒಪ್ಪಿ ಹೇಳಿದಳು: "ಮೂರನೆಯದು ಒಗಟಲ್ಲ, ನನ್ನ ಸಂಕಟ. ಇದರ ಉತ್ತರ ನನಗೂ ಗೊತ್ತಿಲ್ಲ. ಚಿಲಕ ಹಾಕಿರಲಿಲ್ಲ ಅಂದಿದ್ದ ಕಾವಲಿನವನು. ಬಾಗಿಲು ತೆರೆಯಲಿಲ್ಲ, ನಮ್ಮಮ್ಮ ಬರಲಿಲ್ಲ. ಹಾಗಾದರೆ ಬಾಗಿಲು ಹಿಡಿದವರು ಯಾರು?"

ತಿಪ್ಪಣ್ಣನಿಗೆ ಇದರ ಪಾಠ ನೆನಪಿಗೆ ಬರಲಿಲ್ಲ. ಈ ಪಾಠ ನಡೆದ ದಿನ ತಾನು ಮಲಗಿಬಿಟ್ಟಿದ್ದೆನೋ ಏನೋ! ಮೇಷ್ಟರ ಮಾತು ನೆನೆದು ಭಟ್ಟಿಯನ್ನು ಕಣ್ಣ ಮುಂದೆ ತಂದುಕೊಂಡ. ಎರಡೂ ಕೈಯಲ್ಲಿ ಬುಟ್ಟಿ, ಸೊಂಟದಿಂದ ನೂಕಿದರೆ ಭಟ್ಟಿಯ ಬಾಗಿಲು ಹೊರಕ್ಕೆ ತೆರೆಯುತ್ತದೆ. ಆದರೆ ಬಿಳಿಗೋಟೆಯ ಮಿಕ್ಕ ಬಾಗಿಲುಗಳು? ಲಕ್ಷ್ಮಿ ಒಳಗೆ ಬರುವಾಗ ಬಾಗಿಲು ಎದುರಿಗೆ ಬರಬಾರದೆಂದು, ಗುಡಿಸಲಿನಿಂದ ಅರಮನೆಯವರೆಗೆ ಎಲ್ಲವೂ ಒಳಕ್ಕೇ ತೆರೆಯುತ್ತಿದ್ದವು.

"ಬಾಯಲ್ಲಿ ಹೇಳಿದ್ರೆ ನಂಬಲ್ಲ ತಾಯಿ, ತೋರಿಸ್ತೀನಿ" ಎಂದ.

ನಾಟ್ಯಶಾಲೆಯನ್ನು ಮೊದಲಿದ್ದ ಹಾಗೆಯೇ ಮತ್ತೆ ಕಟ್ಟಿದ್ದರು. ಅರಸ, ಮಂತ್ರಿ, ಆಸ್ಥಾನಿಕರೆಲ್ಲ ಒಳಗೆ ಹೋದರು. ರಾಜಕುಮಾರಿ ಒಬ್ಬಳೇ ಹೊರಗೆ ಚಿಲಕ ಕಾಯುತ್ತ ನಿಂತಳು. ತಿಪ್ಪಣ್ಣ ಬಾಗಿಲು ಮುಚ್ಚಿ, ಮೂಲೆಯಲ್ಲಿ ತರಿಸಿಟ್ಟಿದ್ದ ಕೆಂಡಕ್ಕೆ ಒಂದು ಬೊಗಸೆ ಒಣಮೆಣಸಿನಕಾಯಿ ಸುರಿದ.

ಘಾಟು ಎದ್ದದ್ದೇ ಎದ್ದದ್ದು. ಗಾಂಭೀರ್ಯವೆಲ್ಲ ಗಾಳಿಗೆ ಹೋಯಿತು. ಕೆಮ್ಮುತ್ತ, ಸೀನುತ್ತ ಎಲ್ಲರೂ ಬಾಗಿಲಿಗೆ ಮುಗಿಬಿದ್ದರು. ಹಿಂದಿನವರು ಮುಂದಿನವರನ್ನು ನೂಕಿದರು, ಮುಂದಿನವರು ಬಾಗಿಲಿಗೆ ಅಂಟಿಕೊಂಡರು. "ಚಿಲಕ ಹಾಕಿದ್ದಾರೆ! ಯಾರೋ ಚಿಲಕ ಹಾಕಿದ್ದಾರೆ!" ಎಂದು ಅರಚಿದವನು ಸ್ವತಃ ಅರಸ.

ತಿಪ್ಪಣ್ಣ ನೆಲಕ್ಕೆ ಕೂತು ಕೂಗಿದ. "ಹಿಂದಕ್ಕೆ ಸರೀರಿ! ಒಂದು ಹೆಜ್ಜೆ ಹಿಂದಕ್ಕೆ!" ಅಂತೂ ಸರಿದರು. ಬಾಗಿಲು ಸರಕ್ಕನೆ ಒಳಕ್ಕೆ ಬಂತು, ಅದನ್ನು ಆಚೆಯಿಂದ ನೂಕುತ್ತಿದ್ದ ನೀಲಾಜಿಯೂ ಮುಗ್ಗರಿಸಿ ಒಳಕ್ಕೆ ಬಂದಳು.

"ಚಿಲಕ ಬಿದ್ದಿರಲಿಲ್ಲ ಅಪ್ಪಾಜಿ" ಎಂದಳು. "ನಾನು ಮೈಯೆಲ್ಲ ಹಾಕಿ ನೂಕಿದೆ. ಅಲ್ಲಾಡಲಿಲ್ಲ."

"ಬಾಗಿಲು ಹಿಡಿದೋರು ಒಳಗಿದ್ದೋರೇ, ತಾಯಿ" ಎಂದ ತಿಪ್ಪಣ್ಣ. "ಬದುಕಬೇಕು ಅಂತಲೇ ಹಿಡಿದ್ರು. ತಪ್ಪು ಅವರದ್ದೂ ಅಲ್ಲ, ಕಾವಲಿನೋನದ್ದೂ ಅಲ್ಲ."

ಅರಸ ಕಣ್ಣೊರೆಸಿಕೊಂಡ. ಅದು ಮೆಣಸಿನಕಾಯಿಗೋ ಇನ್ನಾವುದಕ್ಕೋ ಯಾರೂ ಕೇಳಲಿಲ್ಲ. "ಏನು ಬೇಕಯ್ಯಾ?" ಎಂದ.

"ನಮ್ಮಪ್ಪ ಬೇಕು, ಬುದ್ಧಿ, ಆ ಕಾವಲಿನ ದುರುಗಪ್ಪ. ತಪ್ಪು ಹೇಳಿದ ಆ ಇಬ್ಬರ ತಲೆಯೂ ಅವರವರ ಹೆಗಲ ಮೇಲೇ ಇರಲಿ."

ಎರಡೂ ಆಯಿತು. ಬೆಂಕಿಗಾವಲಿನ ಪಾರುಪತ್ಯವೂ ಅವನಿಗೇ ಬಂತು. ಹಗಲು ಆ ಕೆಲಸ, ಸಂಜೆ ಮತ್ತೆ ಮೇಷ್ಟರ ಸಾಲೆ, ಮಲಗಿ ಕಳಕೊಂಡ ಪಾಠ ಇನ್ನೂ ಎಷ್ಟಿದ್ದವೋ! ಬಿಳಿಗೋಟೆಯಲ್ಲಿ ಜನ ಸೇರುವ ಕಡೆಯೆಲ್ಲ ಬಾಗಿಲು ಹೊರಕ್ಕೆ ತೆರೆಯತೊಡಗಿತು. ಲಕ್ಷ್ಮಿಯೇನೂ ಮುನಿಸಿಕೊಳ್ಳಲಿಲ್ಲ. ಒಂದು ಹೆಜ್ಜೆ ಸರಿದು ನಿಂತು, ಆಮೇಲೆ ಬರುತ್ತಾಳಂತೆ.

ಒಗಟು ಬಿಡಿಸಿದ ಆ ದಿನ ಸೆರೆಮನೆಗೆ ರಾಜಕುಮಾರಿಯೇ ತಿಪ್ಪಣ್ಣನ ಜೊತೆ ಹೋದಳು. ದುರುಗಪ್ಪ ಏಳಲಾರದೆ ಗೋಡೆ ಹಿಡಿದು ಎದ್ದ. ಬಿಡುಗಡೆಯ ಮಾತು ಅವನ ಕಿವಿಗೆ ಹೋದಂತೆಯೇ ಕಾಣಲಿಲ್ಲ.

"ನಾನು ಚಿಲಕ ಹಾಕಿರಲಿಲ್ಲ, ಅಲ್ವೇನವ್ವಾ?" ಎಂದು ಕೇಳಿದ.

"ಇಲ್ಲ ದುರುಗಪ್ಪ" ಎಂದು ನೀಲಾಜಿ ಅವನ ಕೈ ಹಿಡಿದಳು. "ನೀನು ಹಾಕಿರಲಿಲ್ಲ."