ಭೀಮಶೆಪ್ಪನ ಹಸಿರು ಬಳೆ

"ಗುರುಗಳೇ, ನೀವು ಹೋದ ಮೇಲೆ ನಿಮ್ಮನ್ನು ನಾವು ಹೇಗೆ ನೆನೆಯಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಆಗಷ್ಟೇ ಊಟಕ್ಕೆ ಕೂತಿದ್ದರು. ಕೈಯಲ್ಲಿದ್ದ ತುತ್ತು ಅರ್ಧ ದಾರಿಯಲ್ಲಿ ನಿಂತಿತು.

"ಅವಸರವೇನಾದರೂ ಇದೆಯೇನಪ್ಪಾ?" ಎಂದರು.

ಶಿಷ್ಯ ನಾಲಿಗೆ ಕಚ್ಚಿಕೊಂಡ. "ಹಾಗಲ್ಲ ಗುರುಗಳೇ. ಮುಂಚೆಯೇ ಯೋಚಿಸಿಟ್ಟರೆ ಒಳ್ಳೆಯದಲ್ಲವೇ? ಮಠದ ಮುಂದೆ ಒಂದು ಕಲ್ಲಿನ ಕಟ್ಟೆ. ಅದರ ಮೇಲೆ ನಿಮ್ಮ ಪಾದುಕೆ. ದಿನವೂ ಹೂವು. ನೀವು ಆಡಿದ ಮಾತು ಒಂದಕ್ಷರ ಅತ್ತಿತ್ತ ಆಗದಂತೆ ಕಾಯುತ್ತೇನೆ. ಅದಕ್ಕೆ ಎದುರಾಡಲು ಯಾರನ್ನೂ ಬಿಡುವುದಿಲ್ಲ."

ಗುರುಗಳು ತುತ್ತು ನುಂಗಿದರು. ನೀರು ಕುಡಿದರು. "ಕೂತುಕೋ" ಎಂದು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಾಡುಗಾರನಿದ್ದ. ಹೆಸರು ಭೀಮಶೆಪ್ಪ. ಪಕ್ಕದ ಊರಿನಲ್ಲಿ ಒಬ್ಬ ಹಾಡುಗಾರ್ತಿ ಇದ್ದಳು. ಹೆಸರು ಶಾವಂತ್ರವ್ವ. ಮರದ ಬಳೆಗೆ ತೊಗಲು ಬಿಗಿದ ಡಪ್ಪು ಇಬ್ಬರ ಕೈಯಲ್ಲೂ ಇತ್ತು. ಭೀಮಶೆಪ್ಪ ಹರದೇಶಿ ಹಾಡುವವನು. ಎಂದರೆ, ಗಂಡೇ ಹೆಚ್ಚು ಎಂದು ವಾದಿಸುವವನು. ಶಾವಂತ್ರವ್ವ ನಾಗೇಶಿ ಹಾಡುವವಳು. ಹೆಣ್ಣೇ ಹೆಚ್ಚು ಎಂದು ವಾದಿಸುವವಳು. ಅವಳು ಹಾಡಿನಲ್ಲಿ ಸವಾಲು ಹಾಕಬೇಕು, ಅವನು ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಹೊಳೆಯದಿದ್ದರೆ ಸವಾಲು ಮುಂದಿನ ಕೂಟದವರೆಗೆ ನಿಲ್ಲುತ್ತದೆ.

ಮೂವತ್ತೆಂಟು ವರ್ಷ ಇಬ್ಬರೂ ಹೀಗೆ ಜಗಳವಾಡಿದರು. ಗಂಡಹೆಂಡಿರು ಕೂಡ ಅಷ್ಟು ನಿಯಮದಿಂದ ಜಗಳವಾಡುವುದಿಲ್ಲ. ಭೀಮಶೆಪ್ಪನ ಹಾಡಿದೆ ಎಂದರೆ ಜನ ಎತ್ತಿಗೆ ಮೇವು ಹಾಕುವುದನ್ನು ಮರೆತು ಬರುತ್ತಿದ್ದರು. ಶಾವಂತ್ರವ್ವ ಅವನನ್ನು ಬೈಯುತ್ತಾಳೆ ಎಂದರೆ ಎತ್ತನ್ನೇ ಮರೆತು ಬರುತ್ತಿದ್ದರು.

ಒಮ್ಮೆ ಕೂಟದ ಹಿಂದಿನ ದಿನ ಶಾವಂತ್ರವ್ವ ಅವನಿಗೆ ಒಂದು ಡಜನ್ ಹಸಿರು ಬಳೆ ಕಳಿಸಿದಳು. "ಸೋಲೂದಂತೂ ಖರೆ. ತೊಟಗೊಂಡ ಬಾ ಅನ್ರಿ" ಎಂದು ಹೇಳಿಕಳಿಸಿದಳು. ಭೀಮಶೆಪ್ಪನ ಮುಂಗೈ ಒನಕೆಯಂಥದು. ಆ ಅಳತೆಗೆ ಬಳೆ ಹುಡುಕಲು ಬಳೆಗಾರನಿಗೆ ಮೂರು ಸಂತೆ ಬೇಕಾಯಿತು. ಮುದುಕ ನಾಚಿ ಸಾಯುತ್ತಾನೆ ಎಂದು ಅವಳು ಕಾದಳು. ಅವನು ಹನ್ನೆರಡನ್ನೂ ತೊಟ್ಟುಕೊಂಡು ಬಂದ. ಡಪ್ಪಿನ ಪೆಟ್ಟಿಗೊಮ್ಮೆ ಬಳೆ ಘಲ್ಲೆನ್ನಿಸಿದ. "ನೋಡ್ರಿ, ಶಾವಂತ್ರವ್ವನ ಬಳಿಗೂ ಸದ್ದ ಮಾಡಾಕ ಗಂಡಸಿನ ಕೈ ಬೇಕಾತು!" ಎಂದ. ಜನ ಬಿದ್ದು ಬಿದ್ದು ನಕ್ಕರು. ಶಾವಂತ್ರವ್ವ ಮನೆಗೆ ಹೋಗಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ಹೊಸ ಸವಾಲು ಕಟ್ಟತೊಡಗಿದಳು.

ಸೇಡು ತೀರಿಸಿಕೊಳ್ಳಲು ಅವಳಿಗೆ ವರ್ಷಗಳೇ ಬೇಕಾದವು. ಕೊನೆಗೆ ಒಂದು ಕೂಟದಲ್ಲಿ ಎದ್ದು ಹಾಡಿದಳು:

ಗಂಡು ಹೆಚ್ಚಂತ ಗುಡುಗುವ ಮುದುಕಾ, ಸವಾಲ ಹಾಕೇನಿ ಕೇಳ,
ಗಂಡ ಸತ್ತರ ಹೆಂಡತಿ ಬಳಿಗಳ ಒಡದ ಮಾಡ್ತಾರ ಹೋಳ,
ಹೆಂಡತಿ ಸತ್ತರ ಗಂಡಂದು ಏನ ಒಡೀತಾರ ನೀ ಹೇಳ.

ಭೀಮಶೆಪ್ಪ ಡಪ್ಪು ಎತ್ತಿದ. ಇಳಿಸಿದ. ಮತ್ತೆ ಎತ್ತಿದ. ಹೆಂಗಸರ ಕಡೆಯಿಂದ ಕೇಕೆ ಎದ್ದಿತು. "ಮುಂದಿನ ಕೂಟಕ್ಕ ಹೇಳ್ತೀನಿ" ಎಂದ. ಶಾವಂತ್ರವ್ವ ಆ ದಿನ ಮನೆಗೆ ನಡೆದು ಹೋಗಲಿಲ್ಲ, ಕುಣಿದು ಹೋದಳು.

ಮುಂದಿನ ಕೂಟಕ್ಕೆ ಭೀಮಶೆಪ್ಪ ಬರಲಿಲ್ಲ. ಜ್ವರ ಬಂದಿತ್ತು. ಎಂಟು ದಿನಕ್ಕೆ ತೀರಿಹೋದ.

ಶಾವಂತ್ರವ್ವ ಮಣ್ಣು ಕೊಡಲು ಬಂದಳು. ಅವಳು ಬರುವ ಹೊತ್ತಿಗೆ ಭೀಮಶೆಪ್ಪನ ಹೆಂಡತಿ ದುಂಡವ್ವನ ಬಳೆ ಒಡೆದಿದ್ದರು. ಹೊಸ್ತಿಲ ಹತ್ತಿರ ಚೂರು ಬಿದ್ದಿದ್ದವು. ಶಾವಂತ್ರವ್ವ ಅವನ್ನು ದಾಟಿ ಒಳಗೆ ಹೋಗಲಾರದೆ ಹೊರಗೇ ನಿಂತಳು. ಆ ಊರಿಗೆ ಬಂದು ಒಂದು ಮಾತೂ ಆಡದೆ ಅವಳು ಹಿಂದಿರುಗಿದ್ದು ಅದೇ ಮೊದಲು.

ಊರವರಿಗೆ ಭೀಮಶೆಪ್ಪನೆಂದರೆ ಪ್ರಾಣ. ಗೌಡನೂ ಹಿರಿಯರೂ ಕೂತು ಯೋಚಿಸಿದರು. ಅವನ ಮನೆಯ ಮುಂದೆ ಕಲ್ಲಿನ ಕಟ್ಟೆ ಕಟ್ಟಿಸಿ ಅವನ ಡಪ್ಪನ್ನು ಅದರ ಮೇಲೆ ಇಟ್ಟರು. ದಿನಕ್ಕೊಂದು ಚೆಂಡುಹೂವಿನ ಹಾರ ಹಾಕಿದರು. ಬಾಡಿದ ಹಾರ ತೆಗೆದರೆ ಅಪಚಾರ ಎಂದು ಯಾರೋ ಹೇಳಿದರು. ಆದ್ದರಿಂದ ಹಾರದ ಮೇಲೆ ಹಾರ ಬಿತ್ತು. ಬಳಿಕ ಒಂದು ಕಟ್ಟಳೆ ಮಾಡಿದರು. ಭೀಮಶೆಪ್ಪ ಸೋಲಿಲ್ಲದವನು. ಅವನ ಜಾಗದಲ್ಲಿ ಯಾರೂ ಕೂರಬಾರದು. ಆ ಜಾಗದ ಎದುರು ನಿಂತು ಯಾರೂ ಸವಾಲು ಹಾಕಬಾರದು.

ಹಿಮ್ಮೇಳದವರು ಇಬ್ಬರಿದ್ದರು. ಅವರು ಪ್ರತಿ ಸೋಮವಾರ ಕಟ್ಟೆಯ ಮುಂದೆ ಕೂತು ಭೀಮಶೆಪ್ಪನ ಹಾಡು ಹೇಳುತ್ತಿದ್ದರು. ಆದರೆ ಅವನ ಹಾಡುಗಳೆಲ್ಲ ಉತ್ತರಗಳು. "ಅದಕ್ಕ ಅಂದೆ ನಾನು, ಸೂಜಿ ಮುಂದ, ದಾರ ಹಿಂದ" ಎಂದು ಹಾಡು ಶುರುವಾಗುತ್ತಿತ್ತು. ಯಾವುದಕ್ಕೆ ಅಂದ, ಯಾರಿಗೆ ಅಂದ, ಕೇಳುವವರಿಗೆ ತಿಳಿಯುತ್ತಿರಲಿಲ್ಲ. ಸವಾಲು ಹಾಡುವುದಕ್ಕೆ ಅಪ್ಪಣೆಯಿಲ್ಲ. ಕೈಮುಗಿದುಕೊಂಡೇ ಆಕಳಿಸುವುದನ್ನು ಆ ಊರಿನವರು ಕಲಿತದ್ದು ಆ ವರ್ಷ.

ಶಾವಂತ್ರವ್ವನ ಗತಿಯೂ ಅದೇ ಆಯಿತು. ಯಾವ ಊರಿಗೆ ಹೋದರೂ ಹರದೇಶಿಯವರು ಅವಳ ಎದುರು ಕೂರಲು ಒಪ್ಪಲಿಲ್ಲ. "ಭೀಮಶೆಪ್ಪ ಕುಂತ ಜಾಗಾದಾಗ ನಾವ? ಬ್ಯಾಡವ್ವಾ" ಎಂದು ಕೆನ್ನೆ ಬಡಿದುಕೊಂಡರು. ಅವಳು ಸವಾಲು ಹಾಕುವಳು. ಎದುರು ಖಾಲಿ ಚಾಪೆ ಇರುವುದು. ಚಾಪೆ ಏನು ಹೇಳೀತು? ಮುದುಕ ಒಬ್ಬನೇ ಹೋಗಲಿಲ್ಲ, ಮೂವತ್ತೆಂಟು ವರ್ಷದ ಹಾಡನ್ನೂ ಗಂಟು ಕಟ್ಟಿಕೊಂಡು ಹೋಗುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಅವಳಿಗೆ ಬಂದದ್ದು ದುಃಖವಲ್ಲ. ಸಿಟ್ಟು.

ವರ್ಷ ತುಂಬಿತು. ನೆನಪಿನ ದಿನ ಗೌಡ ಶಾವಂತ್ರವ್ವನನ್ನೂ ಕರೆಸಿದ. ಮುಂಜಾನೆಯೇ ಎರಡೂ ಊರಿನ ಜನ ಸೇರಿದರು. ಒಬ್ಬೊಬ್ಬರೇ ಎದ್ದು ಭೀಮಶೆಪ್ಪನನ್ನು ಹೊಗಳಿದರು. ದೇವರಂಥವನು ಎಂದರು. ಸಿಟ್ಟೇ ಅರಿಯದವನು ಎಂದರು. ಅವನ ಸಿಟ್ಟಿಗೆ ಒಮ್ಮೆ ಹಲ್ಲು ಕಳೆದುಕೊಂಡವನೂ ಅದನ್ನೇ ಹೇಳಿದ. ದುಂಡವ್ವ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದಳು. ಅವಳ ಮುಖ ನೋಡಿದರೆ ಬೇರೆ ಯಾರನ್ನೋ ಹೊಗಳುತ್ತಿದ್ದಾರೆ ಎನ್ನುವಂತಿತ್ತು.

"ಶಾವಂತ್ರವ್ವಾ, ನೀನೂ ಎರಡ ಚಲೋ ಮಾತ ಆಡು" ಎಂದು ಗೌಡ ಹೇಳಿದ.

ಶಾವಂತ್ರವ್ವ ಎದ್ದಳು. ಚೀಲದಿಂದ ತನ್ನ ಡಪ್ಪು ತೆಗೆದಳು. ನೇರವಾಗಿ ಕಟ್ಟೆಯ ಎದುರಿಗೆ ಹೋಗಿ ನಿಂತಳು.

"ಚಲೋ ಮಾತ ನನಗ ಬರೂದಿಲ್ಲರಿ ಗೌಡ್ರ" ಎಂದಳು. ಆಮೇಲೆ ಕಟ್ಟೆಯ ಕಡೆ ತಿರುಗಿದಳು. "ಏ ಭೀಮಶ್ಯಾ! ಹೂವಿನ ಬಣವಿ ಒಳಗ ಅಡಗಿ ಕುಂತೀಯೇನೋ ಮುದುಕಾ? ಮುಂದಿನ ಕೂಟಕ್ಕ ಹೇಳ್ತೀನಿ ಅಂದಿದ್ದಿ. ವರ್ಷಾತು. ಉತ್ತರ ಸಿಗಲಿಲ್ಲಂತ ಸತ್ತೀಯೇನೋ ಹೇಡಿ?"

ಜನ ಬೆಚ್ಚಿದರು. "ಏ, ಬಾಯಿ ಮುಚ್ಚಸ್ರಿ ಆಕಿದು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಶಾವಂತ್ರವ್ವ ಡಪ್ಪಿನ ಮೇಲೆ ಕೈ ಇಟ್ಟಳು. ಆಗ ದುಂಡವ್ವನ ಬರಿಗೈ ಅವಳ ಕಣ್ಣಿಗೆ ಬಿತ್ತು. ಅವಳ ಬೆರಳು ನಿಂತಿತು. ಈ ಮನೆಯ ಮುಂದೆ ಹಾಕುವಂಥ ಸವಾಲು ಅದಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಉತ್ತರವಿಲ್ಲದೆ ನಿಂತ ಸವಾಲು ಅದೊಂದೇ. ಅದನ್ನು ಬಿಟ್ಟು ಬೇರೆಯದನ್ನು ಹಾಕಿದರೆ ಅವನು ಸತ್ತ ಎಂದು ತಾನೂ ಒಪ್ಪಿದಂತೆ. ಅಷ್ಟು ಸುಲಭವಾಗಿ ಒಪ್ಪುವವಳಾಗಿದ್ದರೆ ಅವಳು ಮೂವತ್ತೆಂಟು ವರ್ಷ ಅವನ ಎದುರು ಕೂರುತ್ತಿರಲಿಲ್ಲ.

ಹಾಡಿದಳು. ಅದೇ ಸವಾಲು. ಗಂಡ ಸತ್ತರೆ ಹೆಂಡತಿಯ ಬಳೆ ಹೋಳು. ಹೆಂಡತಿ ಸತ್ತರೆ ಗಂಡನದು ಏನು ಒಡೆಯುತ್ತಾರೆ ಹೇಳು.

ದುಂಡವ್ವ ಎದ್ದು ಒಳಗೆ ಹೋದಳು.

ಗೌಡನ ಮುಖ ಕೆಂಪೇರಿತು. "ಸತ್ತವನ ಮನಿ ಮುಂದ, ಅದೂ ಗಂಡನ್ನ ಕಳಕೊಂಡಾಕಿ ಮುಂದ! ನಿನಗ ಮನುಷ್ಯತ್ವ ಐತೇನ? ನಿನ್ನ ಡಪ್ಪ ಹರದ ಹಾಕ್ತೀನಿ ನೋಡು!"

"ಹರದ ಹಾಕ್ರಿ. ನಾಳಿ ಹೊಸಾದ ತರ್ತೀನಿ. ಸವಾಲ ಮಾತ್ರ ಇದ ಇರತೈತಿ" ಎಂದಳು ಶಾವಂತ್ರವ್ವ. ಧ್ವನಿ ಗಟ್ಟಿಯಿತ್ತು. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ಒಳಗೆ ದುಂಡವ್ವ ಅಳುತ್ತಿರಬೇಕು ಎಂದು ಎಲ್ಲರಂತೆ ಅವಳೂ ಅಂದುಕೊಂಡಿದ್ದಳು.

ದುಂಡವ್ವ ಹೊರಗೆ ಬಂದಳು. ಅತ್ತಿರಲಿಲ್ಲ. ಬಲಗೈಯಲ್ಲಿ ಒಲೆಯ ಕೊಳ್ಳಿ ಇತ್ತು, ಉರಿಯುತ್ತಿತ್ತು. ಎರಡೂ ಮುಂಗೈಗಳಲ್ಲಿ ಆರಾರು ಹಸಿರು ಬಳೆ ಇದ್ದವು. ಅಳತೆ ಎಷ್ಟು ದೊಡ್ಡದೆಂದರೆ ಕೈ ಎತ್ತಿದಾಗ ಮೊಣಕೈವರೆಗೆ ಜಾರಿದವು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡ ತೊದಲಿದ. "ಯವ್ವಾ... ಬಳಿ... ನೀ ಹಿಂಗ ಬಳಿ ತೊಡಬಾರದಲ್ಲ?"

"ಇವು ನನ್ನ ಬಳಿ ಅಲ್ಲರಿ ಗೌಡ್ರ" ಎಂದಳು ದುಂಡವ್ವ. "ನನ್ನವು ನೀವ ಒಡದೀರಿ. ಇವು ಅವನವು."

ಗಂಡಸಿನ ಬಳೆಯ ಬಗ್ಗೆ ಶಾಸ್ತ್ರದಲ್ಲಿ ಏನೂ ಇಲ್ಲ.

ದುಂಡವ್ವ ಕಟ್ಟೆಯ ಹತ್ತಿರ ಹೋದಳು. ಹಾರಗಳಿಗೆ ಕೈ ಹಾಕಿ ಎಳೆದಳು. ಒಂದು ವರ್ಷದ ಹಾರ ಒಟ್ಟಿಗೆ ಕೆಳಗೆ ಬಿತ್ತು. ಅಡಿಯಲ್ಲಿ ಡಪ್ಪು ಇತ್ತು. ಬೆರಳಲ್ಲಿ ತಟ್ಟಿದಳು. ತೊಗಲು ಸಡಿಲಾಗಿ ತೊಯ್ದ ಬಟ್ಟೆಯಂತೆ ಸದ್ದು ಮಾಡಿತು. ಡಪ್ಪನ್ನು ಹಾಡುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕು. ಆಗಲೇ ತೊಗಲು ಬಿಗಿಯುತ್ತದೆ. ವರ್ಷದಿಂದ ಅದನ್ನು ಯಾರೂ ಕಾಯಿಸಿರಲಿಲ್ಲ. ಪೂಜೆ ಮಾಡಿದ್ದರು.

ಅವಳು ಕೊಳ್ಳಿಯನ್ನು ಹಾರದ ರಾಶಿಗೆ ತಾಗಿಸಿದಳು. ಒಣಗಿದ ಚೆಂಡುಹೂವು ಚಟಚಟ ಎಂದು ಹೊತ್ತಿಕೊಂಡಿತು. ಡಪ್ಪನ್ನು ಆ ಉರಿಗೆ ಹಿಡಿದು ತಿರುಗಿಸಿದಳು. ಬೆರಳಲ್ಲಿ ತಟ್ಟಿದಳು. ಮತ್ತೆ ತಿರುಗಿಸಿದಳು. ಮೂರನೆಯ ಸಲ ಡಪ್ಪು ಠಣ್ಣೆಂದಿತು. ಹಿಮ್ಮೇಳದವರಿಬ್ಬರೂ ಯಾರೋ ಚುಚ್ಚಿದಂತೆ ನೆಟ್ಟಗೆ ಕೂತರು.

ದುಂಡವ್ವ ಶಾವಂತ್ರವ್ವನ ಎದುರಿಗೆ, ಭೀಮಶೆಪ್ಪನ ಜಾಗದಲ್ಲಿ ನಿಂತಳು.

"ಶಾವಂತ್ರವ್ವಾ, ಸಾಯೂ ಮೊದಲ ಅಂವ ಇದಕ್ಕ ನಾಕ ಉತ್ತರ ಕಟ್ಟಿದ್ದ. ನಾ ರೊಟ್ಟಿ ಬಡಿಯೂ ಮುಂದ ಬಂದ ಬಂದ ಹೇಳಾಂವ. ನಾಕಕ್ಕೂ ಇದು ಉತ್ತರ ಅಲ್ಲ, ತಪ್ಪಿಸಿಕೊಳ್ಳೂದು ಅಂತ ಹೇಳಿ ಓಡಿಸಿನಿ. ಐದನೇದ ನಾ ಹೇಳ್ತೀನಿ, ಕೇಳು."

ಹೆಂಡತಿ ಸತ್ತರ ಗಂಡಂದು ಒಡೆಯಾಕ ಉಳದದ್ದರ ಏನವ್ವ,
ಒಡೆಯೂವಂಥಾದ್ದು ಒಂದ ಇತ್ತ, ಅದ ಮೊದಲ ಒಡದೈತಿ ಶಾವಂತ್ರವ್ವ.

ಡಪ್ಪಿನ ಪೆಟ್ಟಿಗೆ ಹನ್ನೆರಡು ಬಳೆಯೂ ಘಲ್ಲೆಂದವು. ಹಿಮ್ಮೇಳದವರ ಬಾಯಿ ತನ್ನಷ್ಟಕ್ಕೆ ತೆರೆದು ಹಾಡಿನ ಕೊನೆಯ ಸೊಲ್ಲನ್ನು ಎಳೆಯಿತು.

ಶಾವಂತ್ರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಹೊಗೆಯಿಂದ ಎಂದು ತೋರಿಸಲು ಎರಡು ಸಲ ಕೆಮ್ಮಿದಳು. ಆಮೇಲೆ ಸೊಂಟಕ್ಕೆ ಕೈ ಇಟ್ಟಳು.

"ಉತ್ತರ ಖರೇನ ಐತಿ" ಎಂದಳು. "ಆದ್ರ ಹೇಳಿದಾಕಿ ಯಾರ? ಹೆಂಗಸ! ಗಂಡಸಿಗೆ ಹೊಳಿಲಾರದ್ದು ಹೆಂಗಸಿಗೆ ಹೊಳೀತು. ಗೆದ್ದಾಕಿ ನಾನ!"

"ಹೇಳಿದಾಕಿ ಹೆಂಗಸ, ಹೇಳಿದ್ದು ಗಂಡಸಿನ ಪರವಾಗಿ" ಎಂದಳು ದುಂಡವ್ವ. "ಬಾಯಿ ಭಾಳ ಆತು. ಮುಂದಿನ ಸವಾಲ ಹಾಕ."

ಹಾಕಿದಳು. ಅಡುಗೆ ತಣ್ಣಗಾಯಿತು. ಊಟಕ್ಕೆ ಯಾರೂ ಏಳಲಿಲ್ಲ. ಕೈಮುಗಿಯುವುದನ್ನು ಎಲ್ಲರೂ ಮರೆತಿದ್ದರು, ಆಕಳಿಸುವುದನ್ನೂ. ಗೌಡ ಸ್ವಲ್ಪ ಹೊತ್ತು ಸಿಟ್ಟಿನಿಂದ ಕೂತಿದ್ದ. ಆಮೇಲೆ ದುಂಡವ್ವನ ಒಂದು ಉತ್ತರಕ್ಕೆ ತೊಡೆ ತಟ್ಟಿ, "ಭಲೇ ಭೀಮಶ್ಯಾ!" ಎಂದುಬಿಟ್ಟ. ತಾನು ಏನೆಂದೆ ಎಂದು ಅವನಿಗೆ ಗೊತ್ತೇ ಆಗಲಿಲ್ಲ. ಆ ವರ್ಷವೆಲ್ಲ ಆ ಹೆಸರನ್ನು ಆ ಊರಿನಲ್ಲಿ ಯಾರೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ತಣ್ಣಗಾದ ಅನ್ನವನ್ನು ಕಲಸಿಕೊಂಡರು.

ಶಿಷ್ಯನ ಕಣ್ಣು ತುಂಬಿತ್ತು. ಅವನು ಎದ್ದು ಗುರುಗಳ ಪಾದ ಮುಟ್ಟಿದ. "ನಿಮ್ಮ ಮಾತು ಸತ್ಯ ಗುರುಗಳೇ. ನೀವು ಹೇಳಿದ ಮೇಲೆ ಮುಗಿಯಿತು. ಅದಕ್ಕೆ ಎದುರು ಹೇಳಲು ನಾನು ಯಾರು?"

ಗುರುಗಳು ಅವನನ್ನು ನೋಡಿ ಕೇಳಿದರು: "ಈ ಮಠಕ್ಕೆ ಬಂದು ಹನ್ನೆರಡು ವರ್ಷವಾಯಿತು, ನನ್ನ ಒಂದು ಮಾತಿಗೂ ನೀನು ಅಲ್ಲ ಅಂದಿಲ್ಲ, ಹಾಗಾದರೆ ನಾನು ಸತ್ತು ಎಷ್ಟು ವರ್ಷವಾಯಿತಪ್ಪಾ?"