ಮುಳ್ಳುಗಳ ಕಾವಲು

ಅಳಿಲೂ ಮುಳ್ಳುಹಂದಿಯೂ ಕೂಡಿ ಒಂದು ಬಿಲವನ್ನು ಬಾಡಿಗೆಗೆ ಹಿಡಿದವು. ಬೆಳಕು ಕೊಡುವ ಮಿಂಚುಹುಳಕ್ಕೆ ತಿಂಗಳಿಗೆ ತಲಾ ಹತ್ತು ಕಡಲೆ ಸಲ್ಲಬೇಕು.

“ಉಣ್ಣುವ ಮೊದಲೇ ನಿನ್ನ ಪಾಲನ್ನು ತೆಗೆದಿಡು” ಎಂದಿತು ಮುಳ್ಳುಹಂದಿ.

“ಇಟ್ಟಾಯಿತು ಅತ್ತೆ, ಭದ್ರವಾಗಿ ಹೂತಿದ್ದೇನೆ.”

ತಿಂಗಳ ಕೊನೆಗೆ ಮಿಂಚುಹುಳ ಬಾಗಿಲಿಗೆ ಬಂದಿತು. ಅಂಗಳವನ್ನೆಲ್ಲ ಅಗೆದರೂ ಅಳಿಲಿಗೆ ಹೂತ ಜಾಗ ನೆನಪಾಗಲಿಲ್ಲ. ನಾಚಿಕೆಯಿಂದ ಅದು ಹಾಸಿಗೆ ಸುತ್ತತೊಡಗಿತು.

“ಎಲ್ಲಿಗೆ ಸವಾರಿ?”

“ನನ್ನಿಂದ ನಿಮಗೂ ಕತ್ತಲೆಯೇಕೆ, ಅತ್ತೆ?”

“ಕೂತುಕೋ, ಮರೆಗುಳಿ! ಈ ಸಲ ನಾನು ಕೊಡುತ್ತೇನೆ. ಇನ್ನು ಮೇಲೆ ನಿನ್ನ ಪಾಲು ನನ್ನ ಮುಳ್ಳುಗಳ ನಡುವೆ ಇರಲಿ.”

ಮಾರನೆಯ ಬೆಳಿಗ್ಗೆ ಅಳಿಲು ಹತ್ತು ಕಡಲೆಗಳನ್ನು ಅಲ್ಲಿಟ್ಟಿತು. ಸಂಜೆಯೊಳಗೆ ಅದರ ಮೂತಿಗೆ ಮೂರು ಮುಳ್ಳು ಚುಚ್ಚಿದ್ದವು. ಮುಳ್ಳುಹಂದಿ ಅವನ್ನು ಮೆಲ್ಲಗೆ ಕಿತ್ತು, ಮೂತಿಯನ್ನು ಸವರಿ, ಕಡಲೆ ಎಣಿಸಿತು. ಹತ್ತೂ ಇದ್ದವು.